ಮೆಟ್ಟಿಲಿನ ಕೆಂಪು ಬಾಣ

ದೊಡ್ಡಮ್ಮನ ಹೊಲಿಗೆ ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ಕಾಲೇಜಿನವರು ಎಂದೋ ಒಂದು ಕೆಂಪು ಬಾಣ ಬರೆದು, ಪಕ್ಕದಲ್ಲಿ ಒಂದು ಸಂಖ್ಯೆ ಹಾಕಿ ಹೋಗಿದ್ದರು. ಸಮುದ್ರಮಟ್ಟದಿಂದ ಆ ಕಲ್ಲು ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ ಅದು. ಸರ್ವೇ ಓದುವ ಮಕ್ಕಳು ಪ್ರತಿವರ್ಷ ಕಾಲೇಜು ಗ್ರಂಥಾಲಯದ ಗೋಡೆಯಲ್ಲಿ ಎತ್ತರದ ಗುರುತಿಗೆಂದು ಕೂರಿಸಿದ ಹಿತ್ತಾಳೆ ಗುಂಡಿಯಿಂದ ಎತ್ತರ ಅಳೆಯುತ್ತಾ ಹೊರಟು, ಬೀದಿಯೆಲ್ಲ ಸುತ್ತಿ, ಕೊನೆಗೆ ಈ ಮೆಟ್ಟಿಲಿಗೆ ಬಂದು ಮುಟ್ಟಬೇಕು. ಬಾಣದ ಪಕ್ಕದ ಸಂಖ್ಯೆಯೇ ಅವರ ಲೆಕ್ಕದಲ್ಲೂ ಬಂದರೆ ಗೆದ್ದಂತೆ. ಇಲ್ಲದಿದ್ದರೆ ಮತ್ತೆ ಮೊದಲಿಂದ.

ಇದರಿಂದ ದೊಡ್ಡಮ್ಮನಿಗೆ ಬಂದ ಗತ್ತು ಅಷ್ಟಿಷ್ಟಲ್ಲ. "ಕಾಲೇಜಿನವರ ತಲೆ ನೆಟ್ಟಗಿದೆಯಾ ಇಲ್ವಾ ಅಂತ ಗೊತ್ತಾಗೋದೇ ನನ್ನ ಮೆಟ್ಟಿಲ ಮೇಲೆ" ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ತಂಗಿಯ ಮಗಳೇ ಅದೇ ಕೋರ್ಸಿಗೆ ಸೇರಿ ಅಂಗಡಿಯ ಹಿಂದಿನ ಕೋಣೆಗೆ ಬಂದು ಉಳಿದ ಮೇಲಂತೂ ದೊಡ್ಡಮ್ಮನನ್ನು ಹಿಡಿಯುವವರೇ ಇರಲಿಲ್ಲ. ಹುಡುಗಿ ಮೊದಲ ವರ್ಷದ ಪುಸ್ತಕ ತೆರೆಯುವ ಮೊದಲೇ ಅವಳಿಗೆ 'ಇಂಜಿನಿಯರಮ್ಮ' ಎಂದು ಹೆಸರಿಟ್ಟಾಗಿತ್ತು. ಬೀದಿಯೂ ಹಾಗೇ ಕರೆಯಿತು. ಹುಡುಗಿಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೇ ಹಿತವಾಗಿಯೂ ಇತ್ತು.

ಕೊನೆಯ ವರ್ಷದ ಹೊತ್ತಿಗೆ ಅಂಗಡಿಯ ಬಾಗಿಲು ಹಿಡಿದುಕೊಳ್ಳತೊಡಗಿತು. ಮುಚ್ಚಬೇಕಾದರೆ ಭುಜ ಕೊಟ್ಟು ಎತ್ತಬೇಕು. ಮೇಜಿನ ಮೇಲಿಟ್ಟ ದಾರದ ಉಂಡೆ ತಾನಾಗಿ ಉರುಳಿ ಬೀದಿಯ ಕಡೆಗೇ ಹೋಗುತ್ತಿತ್ತು. "ಬಾಗಿಲಿಗೂ ನನ್ನ ಹಾಗೇ ಮಂಡಿನೋವು" ಎಂದು ದೊಡ್ಡಮ್ಮ ನಕ್ಕು ಸುಮ್ಮನಾದಳು.

ನಗದವನು ಪಕ್ಕದ ಅಂಗಡಿಯ ಇಸ್ತ್ರಿಯವನೊಬ್ಬನೇ. ಮೋಡ ಕಂಡರೆ ಇಸ್ತ್ರಿಪೆಟ್ಟಿಗೆ ಆರಿಸುವ, ನಾಯಿ ಬೊಗಳಿದರೆ ಬೀದಿಯನ್ನೇ ಬದಲಿಸುವ ಆಸಾಮಿ. ಬೀದಿಯವರು ಅವನನ್ನು ಪುಕ್ಕಲಣ್ಣ ಅನ್ನುತ್ತಿದ್ದರು, ಎದುರಿಗೇ. "ಅಕ್ಕಾ, ನಮ್ಮಿಬ್ಬರ ನಡುವಿನ ಗೋಡೆ ಬಿಟ್ಕೊಂಡಿದೆ. ಬೆರಳು ಹೋಗತ್ತೆ ನೋಡಿ. ಸ್ವಲ್ಪ ದಿನ ಮೆಷೀನೆಲ್ಲ ಆಚೆ ಇಡೋಣ, ಯಾರಿಗಾದ್ರೂ ತೋರಿಸೋಣ" ಎಂದು ಅವನು ದಿನಾ ಪೀಡಿಸುತ್ತಿದ್ದ. ಇರುವೆ ಕಂಡರೂ ಹಾವೆನ್ನುವವನ ಮಾತು ಯಾರು ಕೇಳುತ್ತಾರೆ?

ಆ ವರ್ಷ ಸೇತುವೆ ಕಟ್ಟುವ ಕಂಪನಿಯೊಂದು ಕಾಲೇಜಿಗೆ ಬರುವುದಿತ್ತು. ಸರ್ವೇ ವರದಿ ಯಾರದು ಚೆನ್ನಾಗಿದೆಯೋ ಅವರನ್ನೇ ಕೆಲಸಕ್ಕೆ ಆರಿಸುತ್ತಾರೆಂದು ಮೇಷ್ಟ್ರು ಹೇಳಿದ್ದರು. ಇಂಜಿನಿಯರಮ್ಮ ಊಟ ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದಳು. ಅವಳ ಜೋಡಿಯಾಗಿ ಸಿಕ್ಕವನು ಸಹಪಾಠಿಯೊಬ್ಬ. ದಶಮಾಂಶದ ಮುಂದೆ ಬೇಕಿರಲಿ ಬೇಡದಿರಲಿ ಒಂದು ಸೊನ್ನೆ ಬರೆಯದೆ ಬಿಡುತ್ತಿರಲಿಲ್ಲ, ಹಾಗಾಗಿ ತರಗತಿಯಲ್ಲಿ ಅವನ ಹೆಸರೇ ಸೊನ್ನೆ. ಒಬ್ಬರು ದುರ್ಬೀನಿನಲ್ಲಿ ನೋಡುವುದು, ಇನ್ನೊಬ್ಬರು ಗೆರೆ ಎಳೆದ ಉದ್ದನೆ ಕೋಲನ್ನು ಅಲುಗದಂತೆ ಹಿಡಿಯುವುದು. ಹೀಗೇ ಗ್ರಂಥಾಲಯದಿಂದ ಅಳೆಯುತ್ತಾ ಬಂದರು. ಆ ವರ್ಷ ಮೆಟ್ಟಿಲಿನ ದಾರಿ ಸಿಕ್ಕಿದ್ದು ಇವರಿಬ್ಬರಿಗೇ, ಉಳಿದ ಜೋಡಿಗಳಿಗೆ ಬೇರೆ ಬೀದಿಗಳು. ವರದಿ ಕೊಡಬೇಕಾದ ದಿನ ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಮುಟ್ಟಿದರು.

ಸಂಖ್ಯೆ ಸೇರಲಿಲ್ಲ. ಒಂದು ಬೆರಳಿನ ಅಗಲದಷ್ಟು ಕಡಿಮೆ ಬಂತು.

ಕೊನೆಯ ತುಂಡನ್ನು ಮತ್ತೆ ಅಳೆದರು. ಮತ್ತೆ ಅಷ್ಟೇ ಕಡಿಮೆ.

"ವಾಪಸ್ ಲೈಬ್ರರಿವರೆಗೂ ಅಳ್ಕೊಂಡು ಹೋಗೋಣ ಕಣೇ" ಎಂದ ಸೊನ್ನೆ. "ಅಲ್ಲಿ ಸರಿಯಾಗಿ ಸೇರಿದ್ರೆ ನಮ್ಮ ಅಳತೇಲಿ ತಪ್ಪಿಲ್ಲ ಅಂತ. ಆಗ ಈ ಕಲ್ಲಿಗೇ ಏನೋ ಆಗಿದೆ ಅಂತ ಲೆಕ್ಕ."

"ಕಲ್ಲಿಗೆ ಏನಾಗತ್ತೆ, ನೆಗಡಿನಾ?" ಅವಳಿಗೆ ರೇಗಿತು. "ಎಷ್ಟೋ ವರ್ಷದಿಂದ ಇರೋ ಈ ಬಾಣದ ಗುರುತು ತಪ್ಪು, ನೀನು ಕೋಲು ಹಿಡಿದಿದ್ದು ಸರಿ, ಅಲ್ವಾ? ಸಂಜೆ ಒಳಗೆ ಕೊಡ್ಬೇಕು. ಎಲ್ಲಿದೆ ಟೈಮು?"

ಸರ್ವೇಯವರಲ್ಲಿ ಒಂದು ಪದ್ಧತಿಯಿದೆ. ಕೊನೆಗೆ ಉಳಿಯುವ ತಪ್ಪನ್ನು ದಾರಿಯುದ್ದದ ಎಲ್ಲ ಅಳತೆಗಳಿಗೂ ಚೂರುಚೂರೇ ಹಂಚಿಬಿಡುವುದು. ಅದು ಮೋಸವಲ್ಲ, ಪುಸ್ತಕವೇ ಹೇಳಿಕೊಡುತ್ತದೆ. ಆದರೆ ಕೂದಲೆಳೆಯಷ್ಟು ತಪ್ಪಿಗೆ ಮಾತ್ರ ಆ ರಿಯಾಯಿತಿ. ಬೆರಳಿನಷ್ಟು ಬಂದರೆ ಎದ್ದು ಮತ್ತೆ ಅಳೆಯಬೇಕು. ಇಂಜಿನಿಯರಮ್ಮ ಏಳಲಿಲ್ಲ. ಮೆಟ್ಟಿಲ ಮೇಲೆಯೇ ಕೂತು ಎರಡು ಅಳತೆಗಳನ್ನು ತಿದ್ದಿ ತಪ್ಪನ್ನು ಚಿಕ್ಕದು ಮಾಡಿದಳು, ಉಳಿದಿದ್ದನ್ನು ಎಲ್ಲಕ್ಕೂ ಹಂಚಿದಳು. ಸೊನ್ನೆ ಮುಖ ಸಿಂಡರಿಸಿದ. ಆದರೂ ಸಹಿ ಹಾಕಿದ.

ಅಷ್ಟರಲ್ಲಿ ದೊಡ್ಡಮ್ಮ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು. ಹಿಂದೆಯೇ ಪುಕ್ಕಲಣ್ಣ.

"ಏನೇ ಇಂಜಿನಿಯರಮ್ಮ, ಇವನು ಗೋಡೆ ಬೀಳತ್ತೆ ಅಂತ ನನ್ನ ತಲೆ ತಿಂದುಹಾಕ್ತಿದ್ದಾನೆ. ಮೆಷೀನೆಲ್ಲ ಆಚೆ ಹಾಕ್ಲಾ? ನೀನು ಹೇಳ್ದ ಹಾಗೆ."

"ಏನೂ ಬೇಡ ದೊಡ್ಡಮ್ಮ. ಎಲ್ಲಾ ಸರಿಯಾಗಿದೆ. ಈಗ ತಾನೇ ಅಳೆದ್ವಲ್ಲ." ಅವಳು ಹಾಳೆಯಿಂದ ತಲೆಯನ್ನೂ ಎತ್ತಲಿಲ್ಲ.

ದೊಡ್ಡಮ್ಮ ಇಡೀ ಬೀದಿಗೆ ಕೇಳುವಂತೆ ದನಿ ಏರಿಸಿದಳು. "ಕೇಳಿಸ್ತೇನಪ್ಪಾ? ಓದಿದವಳು ಹೇಳ್ತಿದ್ದಾಳೆ. ಇನ್ನೊಂದ್ಸಲ ಗೋಡೆ ಗೀಡೆ ಅಂತ ನನ್ನ ಅಂಗಡಿಗೆ ಬಂದ್ರೆ ನಿನ್ನ ಇಸ್ತ್ರಿಪೆಟ್ಟಿಗೇಲೇ ನಿನ್ನ ತೀಡಿಬಿಡ್ತೀನಿ!"

ಬೀದಿ ಗೊಳ್ಳೆಂದು ನಕ್ಕಿತು. ಪುಕ್ಕಲಣ್ಣ ಕಿವಿಯವರೆಗೂ ಕೆಂಪಾದ. ಅಂದೇ ತನ್ನ ಮೇಜು, ಪೆಟ್ಟಿಗೆ ಹೊತ್ತುಕೊಂಡು ಎದುರಿನ ಮರದಡಿಗೆ ಹೋದ. ಅಲ್ಲಿಗೆ ಅವನಿಗೂ ದೊಡ್ಡಮ್ಮನಿಗೂ ಮಾತು ನಿಂತಿತು.

ವರದಿಗಳಲ್ಲಿ ಇಂಜಿನಿಯರಮ್ಮನದೇ ಮೊದಲು. ಕಂಪನಿ ಅವಳನ್ನು ಆರಿಸಿತು. ದೊಡ್ಡಮ್ಮ ತಾನೇ ಹೊಲಿದ ಹೊಸ ಅಂಗಿಯನ್ನು ಅವಳಿಗೆ ತೊಡಿಸಿ, ಕಾಲರಿನ ದಾರ ಹಲ್ಲಿನಲ್ಲಿ ಕಡಿದು, "ಮೊದಲ ದಿನ ಇದನ್ನೇ ಹಾಕ್ಕೊಂಡು ಹೋಗು" ಎಂದಳು.

ಪರೀಕ್ಷೆಗಳು ಮುಗಿದ ವಾರವೇ ಗೋಡೆ ಬಿತ್ತು. ಹಾಡಹಗಲು. ದೊಡ್ಡಮ್ಮ ಗುಂಡಿ ತರಲು ಮುಂದಿನ ಬೀದಿಗೆ ಹೋಗಿದ್ದಳು, ಇಂಜಿನಿಯರಮ್ಮ ಕಾಲೇಜಿನಲ್ಲಿದ್ದಳು. ಯಾರಿಗೂ ಏನೂ ಆಗಲಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆಗಿದ್ದು ಮೆಷೀನುಗಳಿಗೆ. ಗಂಡ ತೀರಿಕೊಂಡ ವರ್ಷ ತಂದ, ಕಾಲಲ್ಲಿ ತುಳಿಯುವಂಥದ್ದು ಒಂದು, ಅದರ ದುಡಿಮೆಯಲ್ಲಿ ತಂದದ್ದು ಇನ್ನೊಂದು, ಎರಡೂ ಇಟ್ಟಿಗೆಯಡಿ ನುಗ್ಗುನುರಿ. ಉಳಿದ ಗೋಡೆಗಳನ್ನು ಕಟ್ಟಡದ ಮಾಲೀಕನೇ ಕೆಡವಿಸಿದ. ನೆಲದಡಿಯ ನೀರಿನ ಕೊಳವೆ ಒಡೆದು ತಿಂಗಳುಗಟ್ಟಲೆ ಮಣ್ಣು ಕೊಚ್ಚಿಹೋಗಿತ್ತು. ಮುಂಚೆ ಗೊತ್ತಾಗಿದ್ದರೆ ಒಂದು ದಿನದ ರಿಪೇರಿ ಎಂದರು ಕೊಳವೆಯವರು.

ಮೆಟ್ಟಿಲು ಮಾತ್ರ ಹಾಗೇ ಇತ್ತು, ಬಾಣದ ಸಮೇತ. ಇಂಜಿನಿಯರಮ್ಮ ಸೊನ್ನೆಯನ್ನು ಕರೆದಳು. ಅವನು ಯಾಕೆಂದು ಕೇಳಲಿಲ್ಲ. ಇಬ್ಬರೂ ಗ್ರಂಥಾಲಯದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗ್ರಂಥಾಲಯಕ್ಕೆ ಅಳೆದರು. ಹೊರಟಲ್ಲಿಗೇ ಬಂದು ಲೆಕ್ಕ ಸೇರಿತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ. ಮೆಟ್ಟಿಲಲ್ಲಿ ಮಾತ್ರ ಬಾಣದ ಸಂಖ್ಯೆಗಿಂತ ಕಡಿಮೆ, ಅಂದಿಗಿಂತಲೂ ಕಡಿಮೆ ಬಂದಿತ್ತು. ಅವರ ಅಳತೆಯಲ್ಲಿ ತಪ್ಪಿರಲಿಲ್ಲ. ಕಲ್ಲು ಕುಸಿಯುತ್ತಿತ್ತು, ಅಂದೂ ಕುಸಿದಿತ್ತು. ಅವಳು ಕೋಲಿನ ಪಕ್ಕ ನೆಲದ ಮೇಲೇ ಕೂತು ಅತ್ತಳು.

ದೊಡ್ಡಮ್ಮ ಈಗ ಬಟ್ಟೆಯಂಗಡಿಯೊಂದರಲ್ಲಿ, ಬೇರೆಯವರ ಮೆಷೀನಿನ ಮೇಲೆ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಾಳೆ. ಬಾಡಿಗೆಗೆ ಹಿಡಿದ ಒಂಟಿ ಕೋಣೆಯಲ್ಲಿ ಅವಳು ಕಾಲು ನೀವಿಕೊಳ್ಳುತ್ತಾ ಕೂತಿದ್ದಾಗ ಹುಡುಗಿ ಎಲ್ಲವನ್ನೂ ಹೇಳಿದಳು. ಬೆರಳಿನಗಲದ ವಿಷಯ, ತಿದ್ದಿದ್ದು, ಹಂಚಿದ್ದು.

ದೊಡ್ಡಮ್ಮ ಕಾಲು ನೀವುವುದನ್ನು ನಿಲ್ಲಿಸಿದಳು. "ಹಾಗಾದ್ರೆ ನಾನು ಬಂದು ಕೇಳಿದಾಗ, ನಿಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ದೊಡ್ಡಮ್ಮ. ಗೊತ್ತು ಮಾಡ್ಕೊಳ್ಳೋದು ಬೇಡ ಅನ್ನಿಸ್ತು."

ಬೈದಿದ್ದರೆ ಚೆನ್ನಾಗಿತ್ತು. ಎರಡು ಏಟು ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ದೊಡ್ಡಮ್ಮ ಬಾಗಿಲ ಕಡೆ ತಿರುಗಿದಳು.

"ಪಾಪ, ಆ ಇಸ್ತ್ರಿಯವನನ್ನ ಬೀದಿಯವರ ಮುಂದೆ ಏನೇನೋ ಅಂದ್ಬಿಟ್ಟೆ" ಎಂದಳು. "ನಾಳೆ ಹೋಗಿ ಮಾತಾಡಿಸ್ಬೇಕು."

"ನಾನೂ ಬರ್ತೀನಿ."

"ಬಾ."

ಆಮೇಲೆ ಎದ್ದು ಒಲೆ ಹಚ್ಚಿದಳು, ಅಡುಗೆ ಮಾಡಿದಳು, ಎಂದಿನಂತೆ ಇಬ್ಬರಿಗೂ ತಟ್ಟೆ ಹಾಕಿದಳು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಲು ದೊಡ್ಡಮ್ಮ ಬಾಗಿ ಭುಜ ಮುಟ್ಟಿದಳು. ಮುಟ್ಟಿದ ಕೈ ಮೆತ್ತಗೇ ಇತ್ತು. ಊಟಕ್ಕೆ ಏಳು ಎಂದು ಕರೆದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಇಂಜಿನಿಯರಮ್ಮ ಅನ್ನದೆ, ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆದಳು.