ಮಣೆಯ ಅಡಿಯ ಮುಖ

"ಈ ಮನ್ಯಾಗ ಒಂದರ ಸಾಮಾನು ಇಟ್ಟಲ್ಲಿ ಇರತೈತೇನು?"

ಮಹಾಲಿಂಗ ಯಾರನ್ನೂ ನೋಡದೆ ಕೇಳಿದ. ಅಂಗಳದಲ್ಲಿ ತಾಯಿ ಸಿದ್ದಕ್ಕನ ಹೆಣ, ಒಲೆಯ ಮೇಲೆ ಕಾದ ನೀರು, ಅವನ ಕೈಯಲ್ಲಿ ರಟ್ಟಿನ ಕಟ್ಟು. ಬನಹಟ್ಟಿಯ ಮಗ್ಗದವರು ಬಿಸಾಡಿದ ತೂತುತೂತಿನ ಪಟ್ಟಿಗಳವು. ಅವುಗಳ ಮೇಲೆ ಮಗಳು ಭಾಗ್ಯಾ ಬರೆದ ಕುರಿಗಳು. ಕೆಳಗೆ ಹಳೆಯ ಸಕ್ಕರೆ ಚೀಲಗಳು. ಅವುಗಳ ಮೇಲೂ ಕುರಿ. ಬೇಕಾದ ಮಣೆ ಮಾತ್ರ ಸಿಗಲೊಲ್ಲದು.

ಸೊಸೆಯಾಗಿ ಬಂದವಳಿಗೆ ತವರಿನಿಂದ ತಂದ ಮಣೆಯ ಮೇಲೇ ಕಡೆಯ ಸ್ನಾನ. ಆಮೇಲೆ ಮಣೆಯೂ ಅವಳ ಸಂಗಡ ಹೂಳುವ ಕುಣಿಗೆ. ಆ ಮನೆಯ ಪದ್ಧತಿ ಅದು.

"ಇಕಿ ಚಿತ್ರದ ಸಾಲಿಗೆ ಹೋದಾಗಿಂದ ಮನಿ ಗುಜರಿ ಅಂಗಡಿ ಆಗೇತಿ," ಎಂದಳು ಸೋಮವ್ವ. ಸಿದ್ದಕ್ಕನ ತಂಗಿ; ಮುಧೋಳದಿಂದ ಮೊದಲ ಬಸ್ಸಿಗೆ ಬಂದಿದ್ದಳು. "ಸತ್ತಾಕಿಗೆ ಕಾಲ ಚಾಚಾಕ ಜಾಗ ಇಲ್ಲ."

ಭಾಗ್ಯಾ ಒಳಗಿನಿಂದ ಮಣೆಯನ್ನು ಎದೆಗೆ ಅವುಚಿಕೊಂಡು ಬಂದಳು. ಮಹಾಲಿಂಗ ಕಸಿದು ತಿರುವಿದ. ಅಂಗೈಗೆ ಮಸಿ ಮೆತ್ತಿತು. ಮಣೆಯ ಅಡಿಯಲ್ಲಿ ಸಿದ್ದಕ್ಕನ ಮುಖ ಕೆತ್ತಿತ್ತು.

"ಇದೇನಬೇ?"

"ಆಯಿ."

"ಆಯಿ ಅನ್ನೂದು ನನಗೂ ಕಾಣತೈತಿ. ಆಕಿ ಮಾರಿ ಮ್ಯಾಲೆ ಆಕಿನ್ನ ಕೂಡಸಲೇನು?"

"ಮಾರಿ ಕೆಳಗಾಗತೈತಿ ಅಪ್ಪಾ. ಆದರ ಕುಣ್ಯಾಗ ಹಾಕಬ್ಯಾಡ್ರಿ. ಆಕಿದು ಒಂದು ಫೋಟೋನೂ ಇಲ್ಲ."

"ಆಧಾರ ಕಾರ್ಡಿನ್ಯಾಗ ಐತಿ."

"ಅದರಾಗ ಕಣ್ಣ ಮುಚ್ಯಾಳ. ಇದರಿಂದ ಕಾಗದದ ಮ್ಯಾಲೆ ಒಂದ ಅಚ್ಚ ಆದರೂ ತಗೀತೇನಿ. ಮಸಿ ಕಾಲೇಜಿನ್ಯಾಗ ಐತಿ, ಒಂದಿನ ಬೇಕು."

"ನಿನ್ನ ಮಸಿ ಬರೂತನಕ ಹೆಣ ಇಟಗೊಂಡು ಕೂಡೂಣೇನು?"

ಭಾಗ್ಯಾ ಸೋಮವ್ವನ ಕಡೆ ನೋಡಿದಳು.

"ನನ್ನ ಯಾಕ ನೋಡತಿ? ಹಾಕೂದಽ ಪದ್ಧತಿ," ಎಂದಳು ಸೋಮವ್ವ. "ನಮ್ಮಕ್ಕ ಅಲ್ಲಿ ಹೋಗಿ ಬರೇ ನೆಲದ ಮ್ಯಾಲೆ ಕೂಡಬೇಕೇನು?"

*

ಹದಿನೈದು ದಿನದ ಹಿಂದೆ ಸಿದ್ದಕ್ಕ ಉಣ್ಣೆ ಹಿಂಜುತ್ತ ಬೀರದೇವರ ಹಾಡು ಗುನುಗುತ್ತಿದ್ದಳು. ಅಜ್ಜಿಯ ಬದುಕನ್ನು ಚಿತ್ರಪುಸ್ತಕ ಮಾಡಲು ಹೊರಟಿದ್ದ ಭಾಗ್ಯಾ ಹಿತ್ತಲಲ್ಲಿ ಹಲಗೆ ಹುಡುಕುತ್ತಿದ್ದಳು. ಹೊಸದೇನೂ ಕೊಳ್ಳಬಾರದು, ಹಳೆಯದರಲ್ಲೇ ಆಗಬೇಕು ಎಂಬುದು ಅವಳ ಹಟ.

"ಕೋಳಿ ಕೆದರಿದಂಗ ಕೆದರಬ್ಯಾಡ," ಎಂದು ಬೈದ ಸಿದ್ದಕ್ಕ, ಕೂತ ಮಣೆಯನ್ನೇ ಎತ್ತಿ ತಿರುವಿ ಕೊಟ್ಟಳು. "ಮ್ಯಾಲಿಂದು ನಂದು, ಕೆಳಗಿಂದು ನಿಂದು. ಕೊರಿ."

ಮೂರು ದಿನ ಭಾಗ್ಯಾ ಕೊರೆದಳು. ಮಸಿ ಸವರಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿದಳು. ಕಾಗದ ಎತ್ತಿದರೆ ಎಡಗಡೆಯ ಮೂಗುತಿ ಬಲಕ್ಕೆ ಬಂದಿತ್ತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದನ್ನು ಮರೆತೇಬಿಟ್ಟಿದ್ದಳು. ಸಿಟ್ಟಿಗೆ ಪರ್ರನೆ ಹರಿದಳು.

ಸಿದ್ದಕ್ಕ ಎರಡೂ ತುಂಡುಗಳನ್ನು ತೊಡೆಯ ಮೇಲೆ ಜೋಡಿಸಿ ಬಹಳ ಹೊತ್ತು ನೋಡಿದಳು.

"ತಪ್ಪೇನೈತಿ ಇದರಾಗ? ಕನ್ನಡ್ಯಾಗ ನಾ ಹಿಂಗ ಇರತೇನಿ."

ಆಮೇಲೆ ಆ ತುಂಡುಗಳನ್ನೇ ಒಲೆ ಹೊತ್ತಿಸಲು ತೆಗೆದುಕೊಂಡು ಹೋದಳು.

*

ಸಿದ್ದಕ್ಕನನ್ನು ಮಣೆಯ ಮೇಲೆ ಕೂರಿಸಿ ಹೆಂಗಸರು ಸೀರೆಯ ಮರೆ ಹಿಡಿದರು. ಸೋಮವ್ವ ನೀರು ಹಾಕಿದಳು. ಅಂಗಳದ ಮಣ್ಣು ನೆನೆದು ಮೆತ್ತಗಾಯಿತು. ಮಣೆ ಕೂತಲ್ಲೇ ಇಳಿಯಿತು. ಮಡಿ ಉಡಿಸಿ ಹೆಣವನ್ನು ಎತ್ತಿ ಪಡಸಾಲೆಗೆ ಒಯ್ದ ಮೇಲೆ ಸೋಮವ್ವ ಗೊಣಗುತ್ತ, ಹುದುಗಿದ ಮಣೆಯನ್ನು ಕಿತ್ತಳು.

ಕೆಸರಿನಲ್ಲಿ ಸಿದ್ದಕ್ಕ ಇದ್ದಳು. ಮೂಗುತಿ ಬಲಕ್ಕೆ. ಅದರ ಕುಳಿಯಲ್ಲಿ ಒಂದು ಹನಿ ನೀರು ನಿಂತು ಮಿನುಗುತ್ತಿತ್ತು.

ಸೋಮವ್ವ ಬಗ್ಗಿದವಳು ಹಾಗೇ ಕುಕ್ಕರಿಸಿದಳು. ಹುಡುಗಿಯಾಗಿದ್ದಾಗ ದಿನಾ ಬೆಳಿಗ್ಗೆ ಅಕ್ಕನ ಬೆನ್ನಿಗೆ ಕೂತು ಅವಳ ತಲೆ ಬಾಚುತ್ತಿದ್ದಳು. ಇಬ್ಬರಿಗೂ ಸೇರಿ ಒಂದೇ ಒಡಕು ಕನ್ನಡಿ, ಅಕ್ಕನ ಕೈಯಲ್ಲಿ. ಬಾಚಣಿಗೆ ಸಿಕ್ಕಿಗೆ ಸಿಕ್ಕಾಗ ಅದರೊಳಗಿಂದ ಗದರುತ್ತಿದ್ದ ಮುಖ ಇದು.

"ಸಣ್ಣಾಯಿ," ಎಂದಳು ಭಾಗ್ಯಾ. ಸೋಮವ್ವ ಮಣೆಯನ್ನು ತನ್ನ ಕಡೆ ಎಳೆದುಕೊಂಡಳು.

ನೆರೆಯ ಮುರಗೆಪ್ಪ ಬಂದು, "ಕುಣಿ ತಯಾರೈತ್ರಿ, ಬಿಸಲ ಏರಾಕತ್ತೈತಿ," ಎಂದ.

ಮಹಾಲಿಂಗ ಮಸಿಯ ಕೈ ಚಾಚಿದ. "ಚಿಗವ್ವಾ, ಮಣಿ ಕೊಡು."

ಸೋಮವ್ವ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೆರೆಗಳಲ್ಲಿ ಸಿಕ್ಕ ಮಣ್ಣನ್ನು ಸೆರಗಿನ ತುದಿಯಿಂದ ತೆಗೆಯುತ್ತಿದ್ದಳು.

"ಕೊಡು ಅಂದ್ನೆಲ್ಲ. ಅವ್ವ ಬರೇ ನೆಲದ ಮ್ಯಾಲೆ ಕೂಡಬೇಕೇನು? ನೀನಽ ಅಂದಾಕಿ."

"ಕೊಡಂಗಿಲ್ಲ," ಎಂದಳು ಸೋಮವ್ವ.