ಕಲ್ಲುಮುಖದ ಪರೀಕ್ಷೆ

ಸೋಮವಾರದಿಂದ ಲ್ಯಾಬಿಗೆ ರಜೆ ಹಾಕಿದ್ದೇನೆ. ಜ್ವರ ಅಂತ ಹೇಳಿ ಕಳಿಸಿದೆ. ಜ್ವರವೂ ಇಲ್ಲ, ಮಣ್ಣೂ ಇಲ್ಲ. ಯಾವ ಮುಖ ಹೊತ್ತುಕೊಂಡು ಅಲ್ಲಿಗೆ ಹೋಗಲಿ?

ಹೆದರಿದಾಗ ಮಿದುಳು ಯಾವ ರಾಸಾಯನಿಕ ಸುರಿಸುತ್ತದೆ, ಅದು ಮೈಗೇರಿದರೆ ಮನುಷ್ಯ ಹೇಗೆ ಆಡುತ್ತಾನೆ ಅಂತ ನೋಡುವುದು ನನ್ನ ಕಸುಬು. ಒತ್ತಡ ಅಳೆದೇ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ಅಂಥವಳ ಎದುರು ಕೂತು, ಹೋದ ವಾರ ಒಂದು ದಿನ ಬೆಳಗ್ಗೆ ತಿಂಡಿ ತಿನ್ನುತ್ತಾ ಮಗಳು ಅಂದಳು: "ಅಮ್ಮ, ಈ ಮನೇಲಿ ನಂಗೆ ಒತ್ತಡ ಆಗುತ್ತೆ. ಕಾಲೇಜ್ ಮುಗಿಯೋವರೆಗೂ ಚಿಕ್ಕಮ್ಮನ ಮನೇಲಿರ್ತೀನಿ."

ಮೈಯೆಲ್ಲ ಉರಿದುಹೋಯಿತು. ಚಿಕ್ಕಮ್ಮ ಅಂದರೆ ನನ್ನ ತಂಗಿ, ಬೆಕ್ಕು ಹಾಲು ಚೆಲ್ಲಿದರೂ ಹಲ್ಲು ಕಿರಿಯುವವಳು. ಆ ಮನೆಯಲ್ಲಿ ಓದು ನಡೆಯುವುದುಂಟೇ?

"ಒತ್ತಡ ಅಂತೆ ಒತ್ತಡ! ನಾನು ಯಾವತ್ತಾದ್ರೂ ನಿನ್ ಮೇಲೆ ಕೈ ಎತ್ತಿದೀನಾ? ಬಾಯಿಗೆ ಬಂದಂಗೆ ಬೈದಿದೀನಾ?"

"ಇಲ್ಲಮ್ಮ."

"ಮತ್ತಿನ್ನೇನು ನಿನ್ ಗೋಳು?"

ಅವಳು ತಟ್ಟೆ ನೋಡುತ್ತ ಕೂತಳು. ಯಜಮಾನರು ಪೇಪರಿನ ಹಿಂದೆ ಅಡಗಿಕೊಂಡರು. ನಾನು ಲೋಕದ ಮೇಲೆಲ್ಲ ಹರಿಹಾಯುವವಳೇ, ನಿಜ. ಆದರೆ ಮಗಳ ಮೇಲೆ ಕೋಪ ಬಂದರೆ ಸುಮ್ಮನಾಗಿಬಿಡುತ್ತೇನೆ, ಅಷ್ಟೇ. ಅದು ನನ್ನ ದೊಡ್ಡತನ ಅಂದುಕೊಂಡಿದ್ದೆ.

"ಸರಿ, ಬಾ ಲ್ಯಾಬಿಗೆ," ಅಂದೆ. "ಹೊಸ ನಾಡಿ ಯಂತ್ರ ಬಂದಿದೆ, ಹೇಗೂ ಯಾರ ಮೇಲಾದ್ರೂ ಪರೀಕ್ಷೆ ಮಾಡ್ಬೇಕು. ನಿನ್ನ ಎದೆಬಡಿತ ಏರಿದ್ರೆ ಚಿಕ್ಕಮ್ಮನ ಮನೆಗೆ ನಾನೇ ಬಿಟ್ಟುಬರ್ತೀನಿ. ಏರ್ಲಿಲ್ವೋ, ತೆಪ್ಪಗೆ ಮನೇಲಿ ಬಿದ್ದಿರು."

ಅವಳು ಸರಿ ಅಂತ ತಲೆಯಾಡಿಸಿದಳು.

ನಮ್ಮ ಪರೀಕ್ಷೆಯಲ್ಲಿ ಸೂಜಿ ಇಲ್ಲ, ಕರೆಂಟಿಲ್ಲ. ಒಂದು ಬೋಳು ಕೋಣೆ, ಮೇಜಿನಾಚೆ ಬಿಳಿಕೋಟಿನ ಇಬ್ಬರು. ಬಂದವರು ಅವರೆದುರು ನಿಂತು ತಮ್ಮ ಬಗ್ಗೆ ಮಾತಾಡಬೇಕು. ಆಮೇಲೆ ಸಾವಿರದಿಂದ ಹದಿಮೂರು ಹದಿಮೂರು ಕಳೆಯುತ್ತ ಹಿಂದಕ್ಕೆ ಬರಬೇಕು. ತಪ್ಪಿದರೆ "ಮೊದಲಿಂದ" ಅನ್ನುತ್ತಾರೆ. ಕರಾಮತ್ತೆಲ್ಲ ಆ ಇಬ್ಬರ ಮುಖದಲ್ಲಿದೆ. ನಗಬಾರದು, ಹೂಂ ಅನ್ನಬಾರದು, ಹುಬ್ಬು ಅಲುಗಬಾರದು. ಸುಮ್ಮನೆ ನೋಡುತ್ತಿರಬೇಕು. ನಮ್ಮಲ್ಲಿ ಅದಕ್ಕೆ ಕಲ್ಲುಮುಖ ಅಂತ ಹೆಸರು, ಎಲ್ಲರಿಗೂ ಕಲಿಸಿಕೊಟ್ಟವಳು ನಾನೇ. ಅದರ ಮುಂದೆ ಬ್ಯಾಂಕ್ ಮ್ಯಾನೇಜರೊಬ್ಬರು ತಮ್ಮ ಹೆಸರೇ ಮರೆತಿದ್ದರು.

ತಾಯಿ ಕೋಣೆಯೊಳಗೆ ಇರುವ ಹಾಗಿಲ್ಲ. ಗಾಜಿನ ಈಚೆ ನಾನು, ಪಕ್ಕದಲ್ಲಿ ನನ್ನ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ. ಒಳಗೆ ಮೇಜಿನಾಚೆ ಬಿಳಿಕೋಟು ತೊಟ್ಟು ಕೂತವರು ಲ್ಯಾಬಿನ ಅಂಕಿಅಂಶ ನೋಡುವ ನಮ್ಮ ಲೆಕ್ಕದ ಮೇಷ್ಟ್ರು ಮತ್ತು ಟೆಕ್ನಿಶಿಯನ್. ಮಗಳು ಬೆರಳನ್ನು ಯಂತ್ರಕ್ಕೆ ಸಿಕ್ಕಿಸಿಕೊಂಡು ಮಾತಾಡಿದಳು. ಲೆಕ್ಕ ತಪ್ಪಿದಳು. "ಮೊದಲಿಂದ." ಮತ್ತೆ ತಪ್ಪಿದಳು. "ಮೊದಲಿಂದ." ನಿಟ್ಟುಸಿರೂ ಇಲ್ಲದೆ ಮತ್ತೆ ಸಾವಿರದಿಂದ ಶುರುಮಾಡಿದಳು. ಪರದೆಯ ಮೇಲೆ ನಾಡಿಯ ಗೆರೆ ಒಂಚೂರೂ ಏರಲಿಲ್ಲ.

"ನೋಡ್ದೇನೇ! ಗುಂಡಿಗೆ ಅಂದ್ರೆ ಇದು! ಥೇಟ್ ನನ್ ಥರಾನೇ," ಅಂದೆ. "ಒತ್ತಡವಂತೆ! ಎಲ್ಲಾ ನಾಟಕ."

ಹುಡುಗಿ ಪೆನ್ನಿನ ಮುಚ್ಚಳ ಕಚ್ಚುತ್ತ ಪರದೆಯನ್ನೇ ನೋಡುತ್ತಿದ್ದಳು.

ಪರೀಕ್ಷೆ ಮುಗಿದ ಮೇಲೆ ಕಲ್ಲುಮುಖ ತೆಗೆದಿಟ್ಟು ಬಂದವರನ್ನು ಸಮಾಧಾನ ಮಾಡುವುದು ನಮ್ಮ ಕ್ರಮ. ಮೇಷ್ಟ್ರು ಅವಳ ಬೆರಳನ್ನು ಯಂತ್ರದಿಂದ ಬಿಡಿಸಿ, ನಕ್ಕು ನೀರು ಕೊಟ್ಟರು. "ತಪ್ಪು ತಿಳ್ಕೋಬೇಡಮ್ಮ, ಬೇಕೂಂತ್ಲೇ ಹಾಗೆ ಕೂತಿದ್ವಿ. ನಮ್ ಮುಖ ನೋಡಿ ಏನನ್ನಿಸ್ತು?"

"ಏನೂ ಅನ್ನಿಸ್ಲಿಲ್ಲ ಅಂಕಲ್," ಅಂದಳು ಮಗಳು. ಸ್ಪೀಕರಿನಲ್ಲಿ ಅವಳ ದನಿ ಸ್ಪಷ್ಟವಾಗಿತ್ತು. "ನಮ್ಮಮ್ಮಾನೂ ಹಿಂಗೇ ಕೂತಿರ್ತಾರೆ. ನಿಮ್ಮದು ಬೇಗ ಮುಗೀತು. ಅಮ್ಮಂದು ಒಂದೊಂದ್ಸಲ ವಾರ ಪೂರ್ತಿ ಇರುತ್ತೆ. ಏನ್ ತಪ್ಪಾಯ್ತು ಅಂತಾನೂ ಹೇಳಲ್ಲ."

ದೂರುವ ದನಿಯೇ ಅಲ್ಲ. ಬಸ್ಸು ತಡವಾಯಿತು ಅನ್ನುವಷ್ಟು ಸಲೀಸಾಗಿ ಹೇಳಿದಳು.

ಪಕ್ಕದ ಹುಡುಗಿ ಸ್ಪೀಕರ್ ಆರಿಸಲು ಕೈ ಚಾಚಿದಳು. ದಿನಾ ಹೆದರುವ ಮಿದುಳು ಕೊನೆಗೆ ಹೆದರಿಕೆಯ ಗಂಟೆ ಬಾರಿಸುವುದನ್ನೇ ಬಿಟ್ಟುಬಿಡಬಹುದು, ಏರದ ಗೆರೆಯನ್ನು ಧೈರ್ಯ ಅಂತ ಓದಬೇಡಿ. ಇದು ಪ್ರತಿ ವರ್ಷ ನಾನೇ ಮಾಡುವ ಪಾಠ. ಅವಳೂ ಅದನ್ನು ನನ್ನಿಂದಲೇ ಕಲಿತವಳು. ಗೆರೆ ನೋಡಿದಾಗಲೇ ಅವಳಿಗೆ ಗೊತ್ತಾಗಿತ್ತು. ನಾನು ಮಾತ್ರ ಗುಂಡಿಗೆ, ಗುಂಡಿಗೆ ಅಂತ ಕುಣಿದಿದ್ದೆ.

ಕಿವಿ ಕಾದು ಕೆಂಡವಾದವು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊಡೆದಿಲ್ಲ, ಬೈದಿಲ್ಲ ಅಂತ ಬೀಗುತ್ತಿದ್ದೆನಲ್ಲ, ಥೂ. ಅಪರಿಚಿತರ ಮೇಲೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಪ್ರಯೋಗಿಸಬಾರದು ಅಂತ ನಾನೇ ನಿಯಮ ಮಾಡಿದ್ದ ಕಲ್ಲುಮುಖವನ್ನು ಹೆತ್ತ ಮಗಳಿಗೆ ವಾರಗಟ್ಟಲೆ ಬಡಿಸಿದ್ದೇನೆ.

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಮೇಷ್ಟ್ರು ನೆಲ ನೋಡಿದರು. ಮಗಳ ತಲೆ ಸವರಿ, ಬಾರದ ನಗುವನ್ನು ಬರಿಸಿಕೊಂಡು ಅಂದೆ: "ಪುಟ್ಟೀ, ನಂದೇ ತಪ್ಪು ಕಣಮ್ಮ. ನೀನು ಚಿಕ್ಕಮ್ಮನ ಮನೆಗೆ ಹೋಗು. ಇವತ್ತೇ ಬಿಟ್ಟುಬರ್ತೀನಿ. ನಂಗೆ ಕೋಪ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಅಂಕಲ್, ಇದೂ ಟೆಸ್ಟಲ್ಲೇ ಬರುತ್ತಾ?"

ಅವಳು ನೀರಿನ ಲೋಟ ಮೇಜಿನ ಮೇಲಿಟ್ಟು, ಬೆರಳನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸಿಕೊಂಡು, ನನ್ನೆದುರು ನೆಟ್ಟಗೆ ನಿಂತಳು.