ಕೈ ಬಿಡದ ಡಾರ್ಟು

ಯಶವಂತಪುರದ ಆ ಕಾರ್ಖಾನೆಯ ರಿಕ್ರಿಯೇಷನ್ ಕ್ಲಬ್ಬಿನಲ್ಲಿ, ಕೈಯಳತೆಯ ಮೊನಚು ಬಾಣಗಳನ್ನು ಗುರಿಯಿಟ್ಟು ಎಸೆಯುವ ಡಾರ್ಟ್ಸ್ ಬೋರ್ಡನ್ನು ಕೇಳುವವರೇ ಇರಲಿಲ್ಲ. ಯಂತ್ರ ಕೂರಿಸಲು ಇಂಗ್ಲೆಂಡಿನಿಂದ ಬಂದಿದ್ದ ಎಂಜಿನಿಯರೊಬ್ಬ ಅದನ್ನು ಗೋಡೆಯ ಮೇಲೇ ಬಿಟ್ಟು ಹೋಗಿದ್ದ. ಲೇತ್ ಕೆಲಸದ ನಾಗಲಿಂಗಪ್ಪ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸುಮ್ಮನೆ ಎಸೆದು ನೋಡಿದ. ಆಮೇಲೆ ಅದೇ ಹುಚ್ಚಾಯಿತು.

ಬಾದಾಮಿ ಕಡೆಯವನಾದ ಅವನ ಮಾತಿನ ಧಾಟಿ ಕೇಳಿದರೆ ಶಾಪಿನವರಿಗೆ ನಗು. ಆದರೆ ಅವನು ಗೆರೆಯ ಮೇಲೆ ನಿಂತು ಡಾರ್ಟು ಎತ್ತಿದರೆ ಅದೇ ಜನ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಈ ಊರಿನಲ್ಲಿ ಅವನಿಗೆ ದಕ್ಕಿದ ಮರ್ಯಾದೆ ಅಷ್ಟೇ. ಅವನಿಗೂ ಅದು ಸಾಕಾಗಿತ್ತು. ಜೊತೆಗೆ ಆಡುತ್ತಿದ್ದವನು ಪಕ್ಕದ ಲೇತಿನ ಅನ್ವರ್. ಗೆದ್ದ ದಿನಗಳು ಅನ್ವರನಿಗೆ ನೆನಪಿರಲಿಲ್ಲ, ಏಕೆಂದರೆ ಅಂಥ ದಿನಗಳು ಇರಲೇ ಇಲ್ಲ.

ಎಂಬತ್ಮೂರನೆಯ ಇಸವಿಯಲ್ಲಿ ಹೆಬ್ಬಾಳದ ರಸ್ತೆಯ ದೊಡ್ಡ ಕ್ಲಬ್ಬೊಂದು ಆಹ್ವಾನಿತರ ಪಂದ್ಯಾವಳಿ ಏರ್ಪಡಿಸಿತು. ಡಾರ್ಟ್ಸನ್ನೇ ಕಸುಬು ಮಾಡಿಕೊಂಡ ಇಂಗ್ಲೆಂಡಿನ ಆಟಗಾರರು ಬರುವವರಿದ್ದರು. ಬೊಂಬಾಯಿ, ಕಲ್ಕತ್ತೆಗಳಿಂದ ಕೆಲವರು. ಬೆಂಗಳೂರಿನಿಂದ ಒಬ್ಬನೇ. ರಿಕ್ರಿಯೇಷನ್ ಕ್ಲಬ್ಬಿನ ಕಾರ್ಯದರ್ಶಿ ಚನ್ನಕೇಶವ ಓಡುತ್ತಾ ಬಂದು, "ನಾಗಲಿಂಗಪ್ಪಾ, ನಿಮ್ಮನ್ನೇ ಕರೆದಿದಾರೆ ಕಣ್ರೀ!" ಎಂದಾಗ ಅವನು ಲೇತ್ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟ.

ಆ ವಾರವೇ ಅದು ಶುರುವಾಯಿತು. ಸಂಜೆ ಅಭ್ಯಾಸಕ್ಕೆ ನಿಂತಿದ್ದ. ಗುರಿ ಹಿಡಿದ, ಕೈ ಹಿಂದಕ್ಕೆ ಎಳೆದ, ಮುಂದಕ್ಕೆ ತಂದ. ಡಾರ್ಟು ಬೆರಳುಗಳಲ್ಲೇ ಉಳಿಯಿತು. ಅನ್ವರ್ ನಕ್ಕ. ಮತ್ತೆ ಪ್ರಯತ್ನಿಸಿದ. ಮತ್ತೆ ಹಾಗೇ. ಬೆರಳು ಬಿಚ್ಚಬೇಕಾದ ಗಳಿಗೆ ಬಂದು ಹೋಗುತ್ತಿತ್ತು, ಬೆರಳು ಮಾತ್ರ ಬಿಚ್ಚುತ್ತಿರಲಿಲ್ಲ.

"ಏನ್ ಗುರು, ತಮಾಷೆ ಮಾಡ್ತಿದೀಯಾ?"

"ಇಲ್ಲೋ ಅನ್ವರ್. ಕೈ ಬಿಡವಲ್ದು."

ಡಾಕ್ಟರು ಮೊಣಕೈ ಬಡಿದು, ಬೆರಳು ಮಡಿಸಿ ನೋಡಿ ಏನೂ ತೊಂದರೆಯಿಲ್ಲ ಎಂದರು. ಹೌದು, ಬೇರೆ ಯಾವ ಕೆಲಸಕ್ಕೂ ತೊಂದರೆಯಿರಲಿಲ್ಲ. ಲೇತಿನ ಮೇಲೆ ಕಬ್ಬಿಣವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕಡೆಯುತ್ತಿದ್ದ. ಹೆಂಡತಿ ಶರಣವ್ವನಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಡಾರ್ಟು ಹಿಡಿದರೆ ಮಾತ್ರ ಕೈ ಬೇರೆ ಯಾರದೋ ಆಗುತ್ತಿತ್ತು. ಮತ್ತೀಕೆರೆಯ ವಠಾರದ ಮನೆಯಲ್ಲಿ ಶರಣವ್ವ ಎಳ್ಳೆಣ್ಣೆ ಕಾಯಿಸಿ ತಿಕ್ಕಿದಳು, ಊರ ಕಡೆಯ ಬನಶಂಕರಿಗೆ ಹರಕೆ ಹೊತ್ತಳು.

"ಜ್ವರ ಅಂತ ಹೇಳ್ಬಿಡು ಗುರು," ಎಂದ ಅನ್ವರ್. "ಯಾರೂ ಏನೂ ಅನ್ಕೊಳಲ್ಲ."

"ಮಂದಿ ಮುಂದ ನಿಂತ್ರ ಬಿಟ್ಟೀತು," ಎಂದ ನಾಗಲಿಂಗಪ್ಪ. ಅದನ್ನು ಅವನು ನಂಬಿದ್ದ. ನಂಬದಿದ್ದರೆ ಪಂದ್ಯದ ದಿನ ಶರಣವ್ವನಿಗೆ ಇಳಕಲ್ ಸೀರೆ ಉಟ್ಟುಕೊಂಡು ಬಾ ಎನ್ನುತ್ತಿರಲಿಲ್ಲ.

ಕಾರ್ಖಾನೆಯವರೆಲ್ಲ ಬಸ್ಸು ಮಾಡಿಕೊಂಡು ಬಂದಿದ್ದರು. ಎದುರಾಳಿ ವಿಲ್ಮಟ್ ಎಂಬ ದಪ್ಪ ಹೊಟ್ಟೆಯ, ಮೆತ್ತಗೆ ಮಾತಾಡುವ ಇಂಗ್ಲೆಂಡಿನವನು. ಐನೂರ ಒಂದು ಅಂಕದಿಂದ ಇಳಿಸುತ್ತಾ ಮೊದಲು ಸೊನ್ನೆ ಮುಟ್ಟಿದವನು ಗೆದ್ದಂತೆ. ನಾಗಲಿಂಗಪ್ಪ ಗೆರೆಯ ಮೇಲೆ ನಿಂತ. ಮೊದಲ ಡಾರ್ಟು ಕೈಬಿಟ್ಟು ಹಾರಿ, ಇಪ್ಪತ್ತಕ್ಕೆ ಮೂರುಪಟ್ಟು ಅಂಕ ಕೊಡುವ ಸಣ್ಣ ಪಟ್ಟಿಯಲ್ಲೇ ನಾಟಿತು! ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಅವನ ಎದೆಯಲ್ಲಿ ಏನೋ ಬಿಚ್ಚಿಕೊಂಡಂತಾಯಿತು. ಹೋಯಿತು, ಶನಿ ಹೋಯಿತು ಎಂದುಕೊಂಡ.

ಎರಡನೆಯದನ್ನು ಎತ್ತಿದ. ಕೈ ಮುಂದೆ ಹೋಯಿತು, ನಿಂತಿತು. ಹಿಂದೆ ತಂದ. ಮತ್ತೆ ಮುಂದೆ. ಜನ ಮೊದಲು ಇದೇನೋ ಶೈಲಿ ಎಂದುಕೊಂಡರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಬಹಳ ಜನ. ಬೆವರು ಕಣ್ಣಿಗಿಳಿಯಿತು. ಕೊನೆಗೆ ಕೈಯನ್ನು ಕೊಡವಿ ಬಿಟ್ಟ. ಡಾರ್ಟು ಬೋರ್ಡನ್ನೂ ಮುಟ್ಟದೆ ನೆಲಕ್ಕೆ ಬಿದ್ದು ಉರುಳಿತು.

ವಿಲ್ಮಟ್ ನಗಲಿಲ್ಲ. ಅವನು ನಾಗಲಿಂಗಪ್ಪನ ಮುಖವನ್ನಲ್ಲ, ಮಣಿಕಟ್ಟನ್ನು ನೋಡುತ್ತಿದ್ದ. ತನ್ನ ಸರದಿ ಬಂದಾಗಲೆಲ್ಲ ಒಂದು ಗಳಿಗೆಯನ್ನೂ ವ್ಯರ್ಥಮಾಡದೆ ಎಸೆದು ಆಟ ಮುಗಿಸಿಬಿಟ್ಟ. ಅವನು ಮಾಡಬಹುದಾಗಿದ್ದ ಉಪಕಾರ ಅದೊಂದೇ.

ಪಂದ್ಯದ ನಂತರ ಅವನೇ ಹುಡುಕಿಕೊಂಡು ಬಂದು ನಾಗಲಿಂಗಪ್ಪನ ಪಕ್ಕದಲ್ಲಿ ಕುಳಿತ. ಚನ್ನಕೇಶವ ನಡುವೆ ನಿಂತು ಕನ್ನಡದಲ್ಲಿ ಹೇಳಿದ: "ಇವರ ಅಣ್ಣನಿಗೂ ಹಿಂಗೇ ಆಗಿತ್ತಂತೆ. ದೊಡ್ಡ ಆಟಗಾರರಂತೆ. ಅವರ ದೇಶದಲ್ಲಿ ಬಹಳ ಜನಕ್ಕೆ ಆಗುತ್ತಂತೆ."

"ಅವರಿಗೆ ನೆಟ್ಟಗಾತೇನ್ರಿ, ಕೇಳ್ರಿ."

ಚನ್ನಕೇಶವ ಕೇಳಿದ. ವಿಲ್ಮಟ್ ತಲೆ ಅಡ್ಡಡ್ಡ ಆಡಿಸಿ, ನೆಲ ನೋಡುತ್ತಾ ಏನೋ ಹೇಳಿದ.

"ಸ್ವಲ್ಪ ದಿನ ಬಿಟ್ಟು ನೋಡಿ ಅಂತಾರೆ," ಎಂದ ಚನ್ನಕೇಶವ.

ವಿಲ್ಮಟ್ ತಲೆ ಅಡ್ಡಡ್ಡ ಆಡಿಸಿದ್ದನ್ನು ನಾಗಲಿಂಗಪ್ಪ ಕಂಡಿದ್ದ. ಆದರೂ "ಆತ್ರಿ" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಶರಣವ್ವ ಅವನ ಬಲಗೈಯನ್ನು ತನ್ನ ಸೆರಗಿನೊಳಗೆ ಹಿಡಿದುಕೊಂಡು ಕೂತಿದ್ದಳು. ಮುಂದೆ ಅವನು ಎಡಗೈಯಲ್ಲಿ ಎಸೆದು ನೋಡಿದ. ಕಣ್ಣು ಮುಚ್ಚಿ ನೋಡಿದ. ತಿಂಗಳುಗಟ್ಟಲೆ ಕ್ಲಬ್ಬಿನ ಕಡೆ ತಲೆ ಹಾಕದೆ ಇದ್ದು ಮತ್ತೆ ಹೋಗಿ ನೋಡಿದ. ಬನಶಂಕರಿಗೂ ಹೋಗಿ ಬಂದರು. ಅನ್ವರ್ ಬೇಕೆಂದೇ ಸೋಲುತ್ತಿದ್ದಾನೆಂದು ಗೊತ್ತಾದ ದಿನ ಡಾರ್ಟುಗಳನ್ನು ಅವನ ಕೈಗಿಟ್ಟು, "ಇನ್ನ ನೀನ ಆಡಪ" ಎಂದು ಬಂದುಬಿಟ್ಟ.

ಒಂದು ಭಾನುವಾರ ಶರಣವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತಿ ನೋಡಿದಳು. ಗಂಡ ಗೋಡೆಯೆದುರು ನಿಂತು ಬರಿಗೈಯಲ್ಲಿ ಎಸೆಯುತ್ತಿದ್ದ. ಬೆರಳುಗಳು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತಿದ್ದವು. ಅವಳ ಜೀವ ಹಿಗ್ಗಿತು. ಅಷ್ಟರಲ್ಲಿ ಅವನು ಕಿಟಕಿಯ ಮೇಲಿದ್ದ ಮೋಟು ಪೆನ್ಸಿಲನ್ನು ತೆಗೆದುಕೊಂಡು ಅದೇ ಜಾಗದಲ್ಲಿ ನಿಂತ. ಕೈ ಮುಂದೆ ಹೋಯಿತು, ನಿಂತಿತು.

"ರೊಟ್ಟಿ ಆರತಾವು, ಬರ್ರಿ," ಎಂದಳು ಶರಣವ್ವ.

ಅವನು ಪೆನ್ಸಿಲು ಹಿಡಿದುಕೊಂಡೇ ಬಂದು ಕೂತ. ಅವಳು ಅದನ್ನು ಬೆರಳುಗಳಿಂದ ಬಿಡಿಸಿ ತೆಗೆದು ಪಕ್ಕಕ್ಕಿಟ್ಟು, ತಟ್ಟೆ ಮುಂದಿಟ್ಟಳು.